ಏರು ಹತ್ತದ ಕಾರು

ಮಣಿಪಾಲದ ಏರಿನಲ್ಲಿ ನಮ್ಮ ಕಾರು ನಿಂತ ದಿನ ನನ್ನ ಹೆಂಡತಿ ಪಕ್ಕದ ಸೀಟಿನಲ್ಲಿ ಎಡಗಾಲು ಚಾಚಿಕೊಂಡು ಕುಳಿತಿದ್ದಳು. ನಮ್ಮೂರು ಕಾಪುವಿನಿಂದ ಉಡುಪಿಯವರೆಗೆ ಹೆದ್ದಾರಿ ಸಪಾಟು, ಹೇಗೋ ಬಂದೆವು. ಇಂದ್ರಾಳಿಯ ಸೇತುವೆಯನ್ನು ಎರಡನೇ ಗೇರಿನಲ್ಲಿ ದಾಟಿದೆವು. ಲಕ್ಷ್ಮೀಂದ್ರ ನಗರದ ಹತ್ತಿರ ಒಂದನೇ ಗೇರಿಗೆ ಇಳಿಸಿ ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿದೆ. ಎಷ್ಟು ಒತ್ತಿದರೂ ಇಂಜಿನ್ನಿನ ದನಿ ಏರಲಿಲ್ಲ. ಗೊರಗೊರ ಎಂದು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಹಿಂದಿನ ಬಸ್ಸಿನವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಇಬ್ಬರು ರಿಕ್ಷಾದವರು ಬಂದು ಬದಿಗೆ ತಳ್ಳಿಕೊಟ್ಟರು. ಹತ್ತು ಗಂಟೆಗೆ ನಾವು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿರಬೇಕಿತ್ತು. ಹತ್ತೂವರೆಗೆ ನಾನು ಇನ್ನೂ ಬಾನೆಟ್ ಎತ್ತಿ ಹಿಡಿದು, ಏನೂ ತಿಳಿಯದಿದ್ದರೂ ಎಲ್ಲ ತಿಳಿದವನ ಹಾಗೆ ಒಳಗೆ ನೋಡುತ್ತಿದ್ದೆ.

ಅವಳು ಬಿದ್ದದ್ದು ಮನೆಯ ಅಂಗಳದಲ್ಲೇ. ಮಳೆಗಾಲ ಮುಗಿದರೂ ಪಾಚಿ ಹೋಗಿರಲಿಲ್ಲ. ಬಟ್ಟೆಯ ಬಕೆಟ್ ಹಿಡಿದುಕೊಂಡು ಜಾರಿದಳು, ಎಡ ಮೊಣಕಾಲಿನ ಸ್ವಲ್ಪ ಮೇಲೆ ಮೂಳೆ ಮುರಿಯಿತು. ಪ್ಲೇಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತನ್ನು ಎರಡೆರಡು ಸಲ ಹೇಳಿದ್ದರು. ವಾರಕ್ಕೆ ಮೂರು ಸಲ ಬಂದು ಮೆಷಿನಿನಲ್ಲಿ ಕಾಲು ಬಗ್ಗಿಸಿಕೊಳ್ಳಬೇಕು. ಆರು ವಾರದೊಳಗೆ ಮೊಣಕಾಲು ತೊಂಬತ್ತು ಡಿಗ್ರಿ ಮಡಚದಿದ್ದರೆ ಅದು ಹಾಗೆಯೇ ಗಟ್ಟಿಯಾಗುತ್ತದೆ, ಮತ್ತೆ ಅರಿವಳಿಕೆ ಕೊಟ್ಟು ಬಲವಂತವಾಗಿ ಬಗ್ಗಿಸಬೇಕಾದೀತು, ಅದೂ ಫಲಿಸುತ್ತದೆಂದು ಹೇಳಲಾಗದು. ಅವಳು ತುರಿಮಣೆಯ ಮೇಲೆ ಕುಳಿತು ಕಾಯಿ ತುರಿಯುವವಳು, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವಳು. ನಾನು ಇನ್ನು ನೆಲಕ್ಕೆ ಕೂರುವುದುಂಟಾ ಎಂದು ಡಾಕ್ಟರರನ್ನು ಕೇಳಿದಳು. ಮೊದಲು ತೊಂಬತ್ತು ಆಗಲಿ ಎಂದರು ಅವರು. ಕಾರು ನಿಂತ ದಿನ ಅವಳ ಕಾಲು ಐವತ್ತರಲ್ಲಿತ್ತು, ಆರು ವಾರದಲ್ಲಿ ಎರಡು ಕಳೆದಿತ್ತು.

ರಿಕ್ಷಾದಲ್ಲಿ ಹೋಗಬಹುದಿತ್ತಲ್ಲ ಎಂದು ಕೇಳಿದವರುಂಟು. ಕಾಲು ಮಡಚದವರನ್ನು ರಿಕ್ಷಾದಲ್ಲಿ ಕೂರಿಸಿ ನೋಡಿದವರು ಹಾಗೆ ಕೇಳಲಾರರು. ಒಂದು ದಿನ ಟ್ಯಾಕ್ಸಿಯಲ್ಲೂ ಹೋದೆವು. ಹಿಂದಿನ ಸೀಟಿನಲ್ಲಿ ಅಡ್ಡ ಕುಳಿತವಳು ಪ್ರತಿ ಗುಂಡಿಗೂ ಹಲ್ಲು ಕಚ್ಚಿದಳು. ಮಣಿಪಾಲ ಮುಟ್ಟುವಾಗ ಕಾಲು ಊದಿಕೊಂಡು, ಆ ದಿನ ಮೆಷಿನು ಬೇಡವೆಂದೇ ಹೇಳಿ ಕಳಿಸಿದರು. ನಮ್ಮ ಹಳೆಯ ಕಾರಿನಲ್ಲಿ ಮಾತ್ರ ಮುಂದಿನ ಸೀಟು ಹಳಿಯ ಮೇಲೆ ಕೊನೆಯವರೆಗೆ ಹಿಂದೆ ಹೋಗುತ್ತದೆ, ಬೆನ್ನೂ ಬೇಕಾದಷ್ಟು ಮಲಗುತ್ತದೆ. ಅಲ್ಲಿ ಅವಳು ಆರಾಮದಲ್ಲಿರುತ್ತಿದ್ದಳು. ಹಾಗಾಗಿ ಅವಳ ಮೊಣಕಾಲು ಈಗ ಈ ಕಾರಿನ ಕೈಯಲ್ಲಿತ್ತು, ಕಾರು ನನ್ನ ಕೈಯಲ್ಲಿತ್ತು.

ಕಾರಿಗೆ ಇಪ್ಪತ್ತು ವರ್ಷ. ಕೊಂಡವನು ನಾನಾದರೂ ಓಡಿಸಿದವಳು ಅವಳು. ಇಪ್ಪತ್ತೆಂಟು ವರ್ಷ ನಾನು ಗಲ್ಫಿನಲ್ಲಿ ದೊಡ್ಡ ಕಟ್ಟಡಗಳ ಎಸಿ ಪ್ಲಾಂಟ್ ನೋಡಿಕೊಳ್ಳುತ್ತಿದ್ದೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಡ್ರೈವರ್ ಸೀಟು ಹಿಂದೆ ಸರಿಸಿ, ಕನ್ನಡಿ ತಿರುಗಿಸಿ, ಒಂದು ತಿಂಗಳು ಯಜಮಾನನಾಗುತ್ತಿದ್ದೆ. ನಾನು ವಿಮಾನ ಹತ್ತಿದ ಮರುದಿನ ಅವಳು ಸೀಟನ್ನೂ ಕನ್ನಡಿಯನ್ನೂ ಮೊದಲಿನ ಹಾಗೆ ಮಾಡಿಕೊಳ್ಳುತ್ತಿದ್ದಳು. ಮಕ್ಕಳ ಶಾಲೆ, ಹಂಚಿನ ಸೋರಿಕೆ, ಬಾವಿಯ ಪಂಪು, ಕಾರಿನ ಸರ್ವಿಸು, ಎಲ್ಲ ಅವಳದೇ. ನಾಲ್ಕು ವರ್ಷದ ಹಿಂದೆ ನಾನು ಪೂರ್ತಿಯಾಗಿ ಮನೆಗೆ ಬಂದೆ. ಯಂತ್ರಗಳ ವಿಷಯ ಇನ್ನು ನನಗೆ ಬಿಡು ಎಂದೆ. ಅವಳು ಆಗಲಿ ಎಂದಳು. ಎಂದಳೇ ಹೊರತು ಬಿಟ್ಟಳೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಈ ವರ್ಷ ಮಗಳ ಬಾಣಂತನಕ್ಕೆಂದು ಇಬ್ಬರೂ ಅಬುಧಾಬಿಗೆ ಹೋಗಿ ಮಳೆಗಾಲ ಪೂರ್ತಿ ಅಲ್ಲೇ ಇದ್ದೆವು. ಐದು ತಿಂಗಳು ಮನೆ ಮುಚ್ಚುವುದೆಂದರೆ ಸಣ್ಣ ಕೆಲಸವಲ್ಲ. ಗ್ಯಾಸ್ ಬಂದ್ ಮಾಡಬೇಕು, ಹಾಸಿಗೆಗೆ ಪ್ಲಾಸ್ಟಿಕ್ ಹೊದಿಸಬೇಕು, ಅಕ್ಕಿಯನ್ನು ಯಾರಿಗಾದರೂ ಕೊಡಬೇಕು. ಕಾರಿಗೆ ಮುಖ್ಯ ವೈರಿ ಇಲಿ. ನಿಂತ ಕಾರಿನ ಸೈಲೆನ್ಸರ್ ಕೊಳವೆಯೊಳಗೆ ಹೊಕ್ಕು ಗೂಡು ಕಟ್ಟುತ್ತದೆ ಎಂದು ನಮ್ಮ ಕಡೆ ಗಲ್ಫಿಗೆ ಹೋಗುವವರೆಲ್ಲ ಅದರ ಬಾಯಿಗೆ ತೆಂಗಿನ ಸಿಪ್ಪೆ ತುರುಕಿ ಹೋಗುತ್ತಾರೆ. ಬಟ್ಟೆಯನ್ನು ಇಲಿ ಎಳೆದು ಹಾಕುತ್ತದೆ, ಸಿಪ್ಪೆಯ ನಾರಿಗೆ ಹಲ್ಲು ಹಾಕುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ನಾನೂ ಒಂದು ಸಿಪ್ಪೆ ಕೆತ್ತಿ, ಕಲ್ಲಿನಿಂದ ಗುದ್ದಿ ಬಾಯಿ ಮುಚ್ಚಿದೆ. ಬಂದ ಮೇಲೆ ಮರೆಯದಿರಲಿ ಎಂದು ಅದಕ್ಕೆ ಕೆಂಪು ದಾರ ಕಟ್ಟಿ ಹೊರಗೆ ನೇತಾಡಿಸಿದೆ. ಈ ದಾರದ ಉಪಾಯ ಎಷ್ಟು ಚಂದ ಎಂದು ವಿಮಾನದಲ್ಲಿ ಕುಳಿತೂ ಒಮ್ಮೆ ನೆನೆದುಕೊಂಡಿದ್ದೆ.

ಹಿಂದೆ ಬಂದ ದಿನ ಮೊದಲು ಮಾಡಿದ ಕೆಲಸವೇ ದಾರ ಎಳೆದು ಸಿಪ್ಪೆ ತೆಗೆದದ್ದು. ಅವಳು ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಬ್ಯಾಟರಿ ಚಾರ್ಜ್ ಮಾಡಿಸಿ ಮಾರನೇ ದಿನ ಇಬ್ಬರೂ ಪೇಟೆಗೆ ಹೋದೆವು. ಗಾಜು ಇಳಿಸಿದಾಗ ಸಿಪ್ಪೆ ಉರಿಯುವ ಹೊಗೆಯ ವಾಸನೆ ತೆಳ್ಳಗೆ ಬಂತು. ಇಲ್ಲಿ ಎಷ್ಟೋ ಮನೆಗಳ ಬಚ್ಚಲ ಒಲೆಯಲ್ಲಿ ಈಗಲೂ ತೆಂಗಿನ ಸಿಪ್ಪೆಯನ್ನೇ ಉರಿಸಿ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಅಬುಧಾಬಿಯ ಹದಿನಾಲ್ಕನೇ ಮಹಡಿಯಲ್ಲಿ ಐದು ತಿಂಗಳು ಇದ್ದು ಬಂದವರಿಗೆ ಆ ವಾಸನೆ ಎಂದರೆ ಊರು. ಅವಳು ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡು, ಈಗ ಮನೆಗೆ ಬಂದ ಹಾಗಾಯಿತು ಎಂದಳು. ನನಗೂ ಹಾಗೆಯೇ ಅನಿಸಿತು.

ಕಾರು ಅಂದಿನಿಂದಲೇ ಸ್ವಲ್ಪ ಮಂಕಾಗಿತ್ತು. ತಿಂಗಳುಗಟ್ಟಲೆ ನಿಂತದ್ದಲ್ಲವೇ, ಓಡಿದರೆ ಸರಿಯಾದೀತು ಎಂದುಕೊಂಡೆ. ಅಷ್ಟರಲ್ಲಿ ಅವಳು ಬಿದ್ದಳು. ಆಸ್ಪತ್ರೆಯ ದಿನಗಳಲ್ಲಿ ನಾನು ಬಸ್ಸಿನಲ್ಲೇ ಓಡಾಡಿದೆ, ಕಾರಿನ ನೆನಪೇ ಇರಲಿಲ್ಲ. ಅವಳನ್ನು ಮನೆಗೆ ತಂದು ಮಣಿಪಾಲದ ಓಡಾಟ ಶುರುವಾದ ಮೇಲೆ ರೋಗ ತಾನಾಗಿ ಬಿಚ್ಚಿಕೊಂಡಿತು. ಮೊದಲ ವಾರ ಏರನ್ನು ಎರಡನೇ ಗೇರಿನಲ್ಲಿ ಹತ್ತಿದೆ, ಎರಡನೇ ವಾರ ಒಂದನೇ ಗೇರಿನಲ್ಲಿ. ಆಮೇಲೆ ಮೇಲೆ ಹೇಳಿದ ಆ ಮೆರವಣಿಗೆ.

ಕಾರನ್ನು ಹಿಂದಕ್ಕೆ ತಿರುಗಿಸಿ ಹೇಗೋ ಮನೆಗೆ ತಂದವನೇ ನಾನು ಬನಿಯನ್ನಿನಲ್ಲಿ ನಿಂತುಬಿಟ್ಟೆ. ಯಂತ್ರದವನ ಮರ್ಯಾದೆಯ ಪ್ರಶ್ನೆ. ಮೊದಲು ಏರ್ ಫಿಲ್ಟರ್ ತೆಗೆದೆ, ಹೊಸತು ಹಾಕಿದೆ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದೆ, ಕರಿ ಹಿಡಿದಿದ್ದವು, ಅವನ್ನೂ ಬದಲಿಸಿದೆ. ಐದು ತಿಂಗಳ ಹಳೆಯ ಪೆಟ್ರೋಲಿನಲ್ಲಿ ನೀರು ಸೇರಿರಬಹುದು ಎಂದು ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿಸಿದೆ. ಉಪ್ಪುಗಾಳಿಗೆ ಬ್ರೇಕು ತುಕ್ಕು ಹಿಡಿದು ಚಕ್ರವನ್ನು ಕಚ್ಚಿಕೊಂಡಿರಬಹುದು ಎಂಬ ಅನುಮಾನ ಬಂತು. ಜ್ಯಾಕ್ ಕೊಟ್ಟು ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿದೆ, ಹಗುರಾಗಿ ತಿರುಗಿದವು. ಕ್ಲಚ್ ಜಾರುತ್ತಿದೆಯೋ ಎಂದು ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಬಿಟ್ಟು ನೋಡಿದೆ, ಕೂಡಲೇ ಇಂಜಿನ್ ನಿಂತಿತು, ಅಂದರೆ ಕ್ಲಚ್ಚೂ ಸರಿ. ಎಲ್ಲವೂ ಸರಿ, ಕಾರು ಮಾತ್ರ ಎಳೆಯುವುದಿಲ್ಲ. ಪ್ರತಿ ಸಲ ಏನಾದರೊಂದು ಬದಲಿಸಿ ಹೆದ್ದಾರಿಯವರೆಗೆ ಹೋಗಿ ಬರುವಾಗ ಹೋದದ್ದಕ್ಕಿಂತ ಕಡಿಮೆ ಭರವಸೆಯಲ್ಲಿ ಬರುತ್ತಿದ್ದೆ.

ಅವಳು ಕಿಟಕಿಯ ಬಳಿಯ ಮಂಚದಲ್ಲಿ ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಕಾರ್ಕಳಕ್ಕೆ ಕೊಂಡುಹೋಗಿ ಎಂದು ಮೊದಲ ದಿನವೇ ಹೇಳಿದ್ದಳು. ಅವಳ ತವರು ಕಾರ್ಕಳದ ಕಡೆ. ನಾನಿಲ್ಲದ ವರ್ಷಗಳಲ್ಲಿ ತಾಯಿಮನೆಗೆ ಹೋದಾಗಲೆಲ್ಲ ಅಲ್ಲಿನ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಕಾರು ತೋರಿಸುತ್ತಿದ್ದಳು. ಅವಳು ಅಣ್ಣ ಎಂದು ಕರೆಯುವ ಆ ಮನುಷ್ಯನಿಗೆ ಈಗ ಎಪ್ಪತ್ತು ದಾಟಿದೆ. ಗ್ಯಾರೇಜು ಮುಚ್ಚಿ ಮನೆಯ ಅಂಗಳದಲ್ಲೇ ಹಳೆಯ ಗಿರಾಕಿಗಳ ಗಾಡಿ ನೋಡುತ್ತಾನೆ. ನಾನು ಅವನನ್ನು ಒಮ್ಮೆಯೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಅಣ್ಣನ ಹೊಗಳಿಕೆ ಕೇಳಿ ಕೇಳಿ ನನಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿತ್ತು. ಮುದುಕನ ಅಂಗಳದಲ್ಲಿ ಎಂತ ಉಂಟು, ಈಗೆಲ್ಲ ಕಂಪ್ಯೂಟರಿನಲ್ಲಿ ನೋಡುವುದು ಎಂದು ಹೇಳಿ ಕಾರನ್ನು ಉಡುಪಿಯ ಒಂದು ಗ್ಯಾರೇಜಿಗೆ ಕೊಂಡುಹೋದೆ.

ಅವರು ಕಂಪ್ಯೂಟರ್ ಸಿಕ್ಕಿಸಿ ನೋಡಿದರು. ಅದರಲ್ಲಿ ಯಾವ ದೋಷವೂ ಬರಲಿಲ್ಲ. ದೋಷ ಬಾರದಿರುವುದು ಒಳ್ಳೆಯದೆಂದು ನಾನು ತಿಳಿದಿದ್ದೆ, ಅವರು ಅದನ್ನೇ ಕೆಟ್ಟದ್ದೆಂದು ತಿಳಿದರು. ಹೊರಗಿನದ್ದೆಲ್ಲ ಸರಿ ಇದ್ದರೆ ಕೆಟ್ಟದ್ದು ಇಂಜಿನ್ನೇ, ಇಪ್ಪತ್ತು ವರ್ಷ ಆಯಿತು, ಒಳಗೆ ಸವೆದಿದೆ, ಇಂಜಿನ್ ಇಳಿಸಬೇಕು, ಸಾಮಾನು ಬಂದು ಕೆಲಸ ಮುಗಿಯುವಾಗ ಒಂದು ತಿಂಗಳು ಎಂದರು. ಅಷ್ಟು ಮಾಡುವ ಬದಲು ಗುಜರಿಗೆ ಕೊಡುವುದು ಲೇಸು ಎಂದೂ ಸೇರಿಸಿದರು. ಒಂದು ತಿಂಗಳು ಎಂದಾಗ ನನಗೆ ಕಂಡದ್ದು ಕಾರಲ್ಲ, ಅವಳ ಕಾಲು. ಆ ಹೊತ್ತಿಗೆ ಮೂರು ವಾರ ದಾಟಿತ್ತು. ಕಾರು ನಿಂತ ಮೇಲಿನ ಸರದಿಗಳೆಲ್ಲ ತಪ್ಪಿದ್ದವು, ಐವತ್ತಕ್ಕೆ ಬಂದಿದ್ದ ಮೊಣಕಾಲು ಮತ್ತೆ ಬಿಗಿಯುತ್ತಿದೆ ಎಂದು ಅವಳು ಬೆಳಿಗ್ಗೆಯಷ್ಟೇ ಹೇಳಿದ್ದಳು.

ಆ ದಿನ ಉಡುಪಿಯಿಂದ ಕಾಪುವಿಗೆ ಬರುವ ದಾರಿಯುದ್ದಕ್ಕೂ ನನ್ನನ್ನು ನಾನೇ ಬಯ್ದುಕೊಂಡೆ. ಹೊರಡುವ ಮೊದಲು ಯಾರಿಗಾದರೂ ಕೀಲಿಕೈ ಕೊಟ್ಟು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಲು ಹೇಳಬಹುದಿತ್ತು, ಹೇಳಲಿಲ್ಲ. ಯಂತ್ರ ನನಗೆ ಬಿಡು ಎಂದವನು ನಾನು, ಇಂಜಿನ್ ಕೊಂದವನೂ ನಾನೇ ಎಂದು ನಂಬಿಬಿಟ್ಟೆ. ಮನೆಗೆ ಬಂದು, ಇಂಜಿನ್ ಹೋಯಿತಂತೆ ಎಂದೆ. ಅವಳು ಬಯ್ಯಲಿಲ್ಲ. ನಾಳೆ ಕಾರ್ಕಳಕ್ಕೆ ಹೋಗುವ, ನಾನೂ ಬರುತ್ತೇನೆ ಎಂದಳು. ಈ ಸಲ ಎದುರು ಹೇಳುವ ಮುಖ ನನಗಿರಲಿಲ್ಲ.

ಬೆಳಿಗ್ಗೆ ಬೇಗ ಹೊರಟೆವು. ಶಿರ್ವ, ಬೆಳ್ಮಣ್ಣು ದಾರಿಯಾಗಿ ಕಾರ್ಕಳಕ್ಕೆ ಒಂದು ಗಂಟೆ ಸಾಕು. ನಮಗೆ ಎರಡೂಕಾಲು ಗಂಟೆ ಹಿಡಿಯಿತು. ಏರು ಕಂಡಲ್ಲಿ ಒಂದನೇ ಗೇರು, ನಡುನಡುವೆ ಬದಿಗೆ ನಿಲ್ಲಿಸಿ ತಣಿಸುವುದು, ಹಾಲಿನ ಡಬ್ಬ ಕಟ್ಟಿಕೊಂಡ ಸೈಕಲ್ಲಿನವನೂ ನಮ್ಮನ್ನು ದಾಟಿ ಹೋದ. ಅವಳು ನಕ್ಕಳು. ಅವನನ್ನು ಕೇಳಿ ನೋಡಿ, ನನಗೆ ಅವನ ಕ್ಯಾರಿಯರಿನಲ್ಲಿ ಜಾಗ ಉಂಟಾ ಎಂದಳು. ನನಗೆ ನಗು ಬರಲಿಲ್ಲ. ದಾರಿಯಲ್ಲೆಲ್ಲ ಸಿಪ್ಪೆಯ ಹೊಗೆಯ ವಾಸನೆ ಬರುತ್ತಿತ್ತು. ಬೆಳಗಿನ ನೀರು ಕಾಯಿಸುವ ಹೊತ್ತು ಎಂದುಕೊಂಡೆವು.

ಮೆಕ್ಯಾನಿಕ್ ಅಂಗಳದ ಹಲಸಿನ ಮರದ ಕೆಳಗೆ ಬೆಂಚಿನ ಮೇಲೆ ಕುಳಿತಿದ್ದ. ಸಣಕಲು ಮನುಷ್ಯ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಮುಂಡು. ಕಾರು ಕಂಡದ್ದೇ ಎದ್ದು ಬಂದ, ನನ್ನನ್ನು ನೋಡಲಿಲ್ಲ, ಅವಳ ಕಾಲನ್ನು ನೋಡಿದ. ಬಿದ್ದ ಕತೆ ಕೇಳಿದ, ಎಷ್ಟು ಮಡಚುತ್ತದೆಂದು ಕೇಳಿದ, ಇಳಿಯುವುದು ಬೇಡ ಅಕ್ಕ, ಅಲ್ಲೇ ಕುಳಿತುಕೊಳ್ಳಿ ಎಂದ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಅವನಿಗೆ ಅವಳು ಅಕ್ಕ. ಆ ಲೆಕ್ಕದಲ್ಲಿ ನನ್ನನ್ನು ಭಾವ ಎಂದು ಕರೆದ. ನಾನು ಬದಲಿಸಿದ ಸಾಮಾನುಗಳ ಪಟ್ಟಿಯನ್ನು ಒಪ್ಪಿಸಿದೆ, ಉಡುಪಿಯವರು ಹೇಳಿದ್ದನ್ನೂ ಹೇಳಿದೆ. ಎಲ್ಲವನ್ನೂ ಕೇಳಿ, ಬಾನೆಟ್ ಎತ್ತಲು ಹೋದ ನನ್ನನ್ನು ತಡೆದು, ಸ್ಟಾರ್ಟ್ ಮಾಡಿ ಸುಮ್ಮನೆ ಕುಳಿತುಕೊಳ್ಳಲು ಹೇಳಿದ.

ಅವನು ಕಾರಿನ ಹಿಂದಕ್ಕೆ ಹೋದ. ಕನ್ನಡಿಯಲ್ಲಿ ನೋಡಿದರೆ ಕುಕ್ಕರಗಾಲಿನಲ್ಲಿ ಕುಳಿತು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದಿದ್ದ. ಸ್ವಲ್ಪ ಆಕ್ಸಿಲರೇಟರ್ ಕೊಡಿ ಎಂದ, ಕೊಟ್ಟೆ. ಇನ್ನೂ ಕೊಡಿ ಎಂದ, ಕೊಟ್ಟೆ. ಇಂಜಿನ್ ಉಬ್ಬಸ ಬಂದವರ ಹಾಗೆ ಎಳೆದಾಡಿತು. ಆಮೇಲೆ ಕಾರಿನಡಿಗೆ ಬಗ್ಗಿ ಕಿವಿ ಕೊಟ್ಟು ಏನನ್ನೋ ಕೇಳಿಸಿಕೊಂಡ. ಕೊನೆಗೆ ತನ್ನ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದ. ಅಷ್ಟು ಮಾಡಿ ನನ್ನ ಕಿಟಕಿಯ ಬಳಿ ಬಂದು ನಿಂತ.

"ಭಾವ, ನಿಮ್ಮ ಮನೆಯಲ್ಲಿ ಬಚ್ಚಲ ಒಲೆ ಉಂಟಾ?"

ಇಲ್ಲ, ಸೋಲಾರ್ ಹಾಕಿಸಿ ಎಷ್ಟೋ ವರ್ಷವಾಯಿತು ಎಂದೆ. ಈ ಪ್ರಶ್ನೆ ಯಾಕೆಂದು ಅರ್ಥವಾಗಲಿಲ್ಲ.

"ಹಾಗಾದರೆ ಈ ಕಾರಿನೊಳಗೆ ಸಿಪ್ಪೆ ಉರಿಸಿ ಮೀಯುವುದು ಯಾರು?"

ಒಂದೊಂದೇ ನೆನಪು ಸಾಲಾಗಿ ಬಂತು. ಪೇಟೆಗೆ ಹೋದ ಮೊದಲ ದಿನದ ವಾಸನೆ. ಹೆದ್ದಾರಿಯ ಮೇಲೆ, ಅಕ್ಕಪಕ್ಕ ಒಂದೂ ಮನೆಯಿಲ್ಲದಲ್ಲಿ ಬಂದ ವಾಸನೆ. ಲಕ್ಷ್ಮೀಂದ್ರ ನಗರದಲ್ಲಿ ಬಾನೆಟ್ ಎತ್ತಿ ನಿಂತಾಗಲೂ ಇದ್ದ ವಾಸನೆ. ಆ ಫ್ಲ್ಯಾಟುಗಳ ಸಾಲಿನಲ್ಲಿ ಹತ್ತೂವರೆ ಗಂಟೆಗೆ ಯಾರು ಹಂಡೆಗೆ ಬೆಂಕಿ ಹಾಕುತ್ತಾರೆ? ಊರಿನ ವಾಸನೆ ಎಂದು ನಾವಿಬ್ಬರೂ ಕಣ್ಣು ಮುಚ್ಚಿ ಸವಿದದ್ದು ನಮ್ಮದೇ ಕಾರಿನ ಹೊಗೆ.

ಆದರೆ ಸಿಪ್ಪೆಯನ್ನು ನಾನು ತೆಗೆದಿದ್ದೆನಲ್ಲ. ಕೆಂಪು ದಾರದ ಸಮೇತ ತೆಗೆದಿದ್ದೆ, ಇವಳೇ ಸಾಕ್ಷಿ. ಹಾಗೆಂದು ವಾದ ಮಾಡಿದೆ. ಅವನು ವಾದಕ್ಕೆ ನಿಲ್ಲದೆ ಇಂಜಿನ್ ಬಂದ್ ಮಾಡಿಸಿ, ಕೊಳವೆ ತಣಿಯಲು ಬಿಟ್ಟು, ಒಳಗಿನಿಂದ ಒಂದು ದಪ್ಪ ತಂತಿ ತಂದ. ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದ. ಕೊಳವೆಯೊಳಗೆ ತಂತಿ ಮೊಳದುದ್ದ ಹೋಯಿತು, ಬಾಗಿನಲ್ಲಿ ಸಿಕ್ಕಿಕೊಂಡಿತು. ತಿರುಗಿಸಿ ತಿರುಗಿಸಿ ಎಳೆದ. ಮೊದಲು ಕರಿ ನೀರು ಬಂತು, ಆಮೇಲೆ ಮಸಿ ಹಿಡಿದ ನಾರು, ಕೊನೆಗೆ ಬಾಳೆಕಾಯಿಯಷ್ಟು ಉದ್ದದ ಒಂದು ತೆಂಗಿನ ಸಿಪ್ಪೆ. ಒಳಗಿನ ತುದಿ ಸುಟ್ಟು ಇದ್ದಲಾಗಿತ್ತು, ಹೊರಗಿನ ತುದಿ ಹೊಗೆಯ ನೀರು ಕುಡಿದು ಉಬ್ಬಿತ್ತು. ನಾರಿನ ಎಡೆಯಲ್ಲಿ ಸ್ವಲ್ಪ ಹೊಗೆ ಹೋಗುತ್ತಿದ್ದುದರಿಂದ ಕಾರು ಸಪಾಟಿನಲ್ಲಿ ಓಡುತ್ತಿತ್ತು, ದಿನದಿನಕ್ಕೂ ಮಸಿ ತುಂಬಿ ಆ ಎಡೆಯೂ ಮುಚ್ಚುತ್ತಾ ಬಂದಿತ್ತು. ಹೊಗೆ ಹೊರಗೆ ಹೋಗದಿದ್ದರೆ ಒಳಗೆ ಗಾಳಿ ಬರುವುದು ಹೇಗೆ, ಇಂಜಿನ್ ಹತ್ತುವುದು ಹೇಗೆ ಎಂದು ಅವನು ನನಗೆ ವಿವರಿಸಿದ.

ನನಗೆ ವಿವರಿಸಿದ, ಇಪ್ಪತ್ತೆಂಟು ವರ್ಷ ಎಸಿ ಪ್ಲಾಂಟ್ ನೋಡಿದ ನನಗೆ. ಹೊಸಬರು ಕೆಲಸಕ್ಕೆ ಬಂದಾಗ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು: ತಂಪು ಬರುವುದಿಲ್ಲ ಎಂದರೆ ಮೆಷಿನು ಬಿಚ್ಚಬೇಡಿ, ಬಿಸಿ ಗಾಳಿ ಹೊರಗೆ ಹೋಗುವ ದಾರಿ ತೆರೆದಿದೆಯೋ ನೋಡಿ. ಇಲ್ಲಿ ಟ್ಯಾಂಕ್ ಖಾಲಿ ಮಾಡಿದೆ, ಚಕ್ರ ತಿರುಗಿಸಿದೆ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದೆ, ಹಿಂದೆ ಹೋಗಿ ಒಂದು ಅಂಗೈ ಹಿಡಿಯಲಿಲ್ಲ.

ಇದನ್ನು ಇಟ್ಟವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ಪಕ್ಕದ ಮನೆಯ ಮಕ್ಕಳ ಕೆಲಸವೆಂದು ನಾನು ಆಗಲೇ ತೀರ್ಮಾನಿಸಿ, ಅವರ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಕಾರಿನ ಮುಂದಿನ ಸೀಟಿನಿಂದ ಸಣ್ಣ ದನಿ ಬಂತು.

"ಅದು ನಾನು ಇಟ್ಟದ್ದು."

ಅವಳು ನೇರ ಮುಂದೆ, ಗಾಜಿನಾಚೆಗೆ ನೋಡುತ್ತಿದ್ದಳು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಪೇಟೆಗೆ ಹೋಗಿದ್ದಾಗ ಇಟ್ಟಳಂತೆ. ಇಲಿ ಎಳೆದು ಹಾಕದ ಹಾಗೆ ನೆಲ ಒರೆಸುವ ಕೋಲಿನ ತುದಿಯಿಂದ ಒಳಗೆ ತಳ್ಳಿದಳಂತೆ. ನಾನಿಲ್ಲದ ವರ್ಷಗಳಲ್ಲಿ ನಾಲ್ಕಾರು ದಿನ ಬಸ್ಸಿನಲ್ಲಿ ಬೇರೆ ಊರಿಗೆ ಹೋಗುವಾಗಲೂ ಹಾಗೆಯೇ ಮಾಡುತ್ತಿದ್ದಳು, ಬಂದ ಮೇಲೆ ಇಕ್ಕುಳದಿಂದ ತೆಗೆಯುತ್ತಿದ್ದಳು. ಈ ಸಲ ಆತುರದಲ್ಲಿ ಸ್ವಲ್ಪ ಹೆಚ್ಚೇ ಒಳಗೆ ಹೋಗಿತ್ತು. ಮರುದಿನ ಬೆಳಿಗ್ಗೆ ನಾನು ಅದರ ಹೊರಗೆ ಇನ್ನೊಂದು ಗುದ್ದಿದ್ದು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಬಂದ ದಿನ ನಾನು ಸಿಪ್ಪೆ ಎಳೆದದ್ದನ್ನು ಜಗಲಿಯಿಂದ ಕಂಡು, ತಾನಿಟ್ಟದ್ದನ್ನೇ ತೆಗೆದರು ಎಂದುಕೊಂಡಿದ್ದಳು. ಅದಕ್ಕೆ ಕಟ್ಟಿದ್ದ ದಾರ ಅಷ್ಟು ದೂರದಿಂದ ಕಂಡಿರಲಿಲ್ಲ.

"ಹೇಳಲಿಲ್ಲ ಯಾಕೆ ಮಾರಾಯ್ತಿ?" ಎಂದೆ.

"ನೀವು ಇಟ್ಟದ್ದನ್ನು ನೀವು ಹೇಳಿದಿರಾ?"

ಅವಳು ಇಪ್ಪತ್ತೆಂಟು ವರ್ಷ ಒಬ್ಬಳೇ ಮನೆ ಮುಚ್ಚಿ ತೆರೆದವಳು, ಯಾರಿಗೆ ಹೇಳಬೇಕಿತ್ತು? ನಾನು ಅಷ್ಟೇ ವರ್ಷ ಒಂದು ಕೋಣೆಯಲ್ಲಿ ಒಬ್ಬನೇ ಇದ್ದು, ಕೆಲಸ ಮಾಡಿ ಮುಗಿಸಿದ ಮೇಲೂ ಯಾರಿಗೂ ಹೇಳದೆ ಅಭ್ಯಾಸವಾದವನು. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಇಬ್ಬರೂ ಬೇರೆ ಬೇರೆಯಾಗಿ ಅದೇ ಮನೆಗೆ ಬೀಗ ಹಾಕುತ್ತಿದ್ದೇವೆ. ಅವಳು ತನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ನನ್ನ ಕಾಲನ್ನು ನಾನೇ ಕೆಡಿಸಿಕೊಳ್ಳುತ್ತಿದ್ದೆ ನೋಡಿ ಎಂದಳು. ನನಗೆ ಸಿಟ್ಟು ಬರಬೇಕಿತ್ತು. ನನ್ನ ಸ್ವಭಾವಕ್ಕೆ ಅದು ಸಹಜವೂ ಹೌದು. ಆದರೆ ಬಂದದ್ದು ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದಂಥ ಹಗುರ. ಇಂಜಿನ್ ಸತ್ತಿರಲಿಲ್ಲ, ನಾನು ಅದನ್ನು ಕೊಂದಿರಲಿಲ್ಲ, ಕಾಲಿಗೆ ಇನ್ನೂ ಎರಡೂವರೆ ವಾರ ಇತ್ತು. ನಾನು ಹಲಸಿನ ಮರಕ್ಕೆ ಒರಗಿ ನಗಲು ಶುರು ಮಾಡಿದೆ, ಮೆಕ್ಯಾನಿಕ್ಕನೂ ನಕ್ಕ, ಅವಳು ಕಣ್ಣೊರೆಸಿಕೊಂಡು ನಕ್ಕಳು. ಎರಡು ಸಿಪ್ಪೆ ಇಡುವಷ್ಟು ಪ್ರೀತಿ ಯಾವ ಕಾರಿಗೆ ಸಿಗುತ್ತದೆ ಭಾವ ಎಂದ ಅವನು.

ಸುಟ್ಟ ಸಿಪ್ಪೆಯನ್ನು ಅವನ ಹೆಂಡತಿ ಬಚ್ಚಲ ಒಲೆಗೆ ಹಾಕಿದರು. ನಮಗೆ ಕಾಫಿ ಕೊಟ್ಟರು. ಹೊರಡುವಾಗ ಕಾರು ಅಂಗಳದ ಇಳಿಜಾರನ್ನು ಹಿಮ್ಮುಖವಾಗಿ ಒಂದೇ ಉಸಿರಿಗೆ ಹತ್ತಿತು. ದಾರಿಯಲ್ಲಿ ಅವಳು ಶಂಕರಪುರದ ಮೇಲೆ ಹೋಗುವ ಎಂದಳು. ಸುತ್ತು ಎಂದು ಗೊತ್ತಿದ್ದೂ ಹೋದೆ, ಕಾರು ಓಡುವುದೇ ಒಂದು ಸಂತೋಷವಾಗಿತ್ತು. ಮಲ್ಲಿಗೆಗೆ ಹೆಸರಾದ ಆ ಊರಿನಲ್ಲಿ ಒಂದು ಚೆಂಡು ಹೂ ತೆಗೆದುಕೊಂಡೆವು. ಮೂರು ವಾರದಿಂದ ತಲೆ ಬಾಚುವುದಕ್ಕೂ ಉದಾಸೀನ ಮಾಡುತ್ತಿದ್ದವಳು ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಮುಡಿದಳು. ಆ ಕನ್ನಡಿಯನ್ನು ನಾನು ಮನೆಯವರೆಗೂ ಹಾಗೆಯೇ ಬಿಟ್ಟೆ.

ಎರಡು ದಿನ ಬಿಟ್ಟು ಮಣಿಪಾಲಕ್ಕೆ ಹೊರಟೆವು, ಇಂದ್ರಾಳಿ ದಾಟಿದೆವು. ಲಕ್ಷ್ಮೀಂದ್ರ ನಗರ ಬಂತು. ನಾನು ಮೂರನೇ ಗೇರಿನಲ್ಲಿದ್ದೆ. ಕಾರು ತಡವರಿಸಲಿಲ್ಲ. ಮುಂದಿದ್ದ ಬಸ್ಸು ನಿಧಾನವಾಗಿದ್ದರಿಂದ ಅದನ್ನು ಹಿಂದೆ ಹಾಕಿದೆ, ಹಾಕುವಾಗ ಒಂದು ಹಾರ್ನ್ ಕೂಡ ಹೊಡೆದೆ. ಅವತ್ತಿನದೇ ಬಸ್ಸೋ ಅಲ್ಲವೋ ಗೊತ್ತಿಲ್ಲ. ಅವಳು ನಿಟ್ಟುಸಿರು ಬಿಟ್ಟು, ಸಾಕು, ನಿಮ್ಮ ಪೌರುಷ ಕಂಡೆ ಎಂದಳು. ಆ ದಿನ ಕಾಲು ಮತ್ತೆ ನಲವತ್ತೈದರಿಂದಲೇ ಶುರುವಾಯಿತು. ಅವಳು ಒಂದು ಸರದಿಯನ್ನೂ ತಪ್ಪಿಸಲಿಲ್ಲ, ಕಾರೂ ತಪ್ಪಿಸಲಿಲ್ಲ. ಅರವತ್ತು, ಎಪ್ಪತ್ತೆರಡು, ಎಂಬತ್ತೊಂದು. ಆರನೇ ವಾರದ ಕೊನೆಯ ಸರದಿಯಲ್ಲಿ ಫಿಸಿಯೋಥೆರಪಿಯವಳು ಅಳತೆಪಟ್ಟಿ ಇಟ್ಟು ನೋಡಿ, ತೊಂಬತ್ತೆರಡು ಎಂದಳು. ಎರಡು ಡಿಗ್ರಿ ಹೆಚ್ಚಿಗೆ. ನಾನು ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕುಳಿತೆ. ಕಣ್ಣು ತುಂಬಿ ಬಂದದ್ದು ಯಾರಿಗೂ ಕಾಣಬಾರದಿತ್ತು.

ಮೊನ್ನೆ ಹೆಬ್ರಿಯಲ್ಲಿ ಅವಳ ಒಡಹುಟ್ಟಿದ ಅಣ್ಣನ ಮಗಳ ಮದುವೆ. ಮದುವೆಗೆ ಕರೆದುಕೊಂಡು ಹೋಗಲು ಅವಳ ಅಣ್ಣನೇ ವ್ಯಾನು ಕಳಿಸಿದ್ದ, ನಾಲ್ಕು ದಿನ ಅಲ್ಲೇ ಉಳಿಯುವುದಿತ್ತು. ವ್ಯಾನಿಗೆ ಕಾಯುತ್ತ ನಾನು ಪಂಪಿನ ಸ್ವಿಚ್ಚು ತೆಗೆಯುತ್ತಿದ್ದೆ. ಅವಳು ಊರುಗೋಲನ್ನು ಜಗಲಿಗೆ ಒರಗಿಸಿ, ಕೈಯಲ್ಲಿ ಒಂದು ತುಂಡು ತೆಂಗಿನ ಸಿಪ್ಪೆ ಹಿಡಿದು ಅಂಗಳಕ್ಕೆ ಬಂದಳು. ಕಾರಿನ ಹಿಂದೆ ನಿಂತು ನನ್ನನ್ನು ಕರೆದಳು.

"ಇದನ್ನು ನೀವು ಇಡುತ್ತೀರಾ, ನಾನು ಇಡಲಾ?"

ಮನೆ ಮುಚ್ಚುವ ವಿಷಯದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನೀನೇ ಇಡು, ನಾನು ನೋಡುತ್ತೇನೆ ಎಂದೆ. ಕಿಸೆಯಲ್ಲಿದ್ದ ಕೆಂಪು ದಾರವನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದು ಕೈಯನ್ನು ಬಂಪರಿನ ಮೇಲಿಟ್ಟು, ಎಡ ಮೊಣಕಾಲನ್ನು ನಿಧಾನವಾಗಿ ಮಡಚಿ, ಸೈಲೆನ್ಸರಿನ ಎದುರು ಕುಳಿತಳು.